ವಿಹಾರವನ್ನು ಯಾರಿಗೆ ಬಿಟ್ಟು ಹೋಗುವುದು

ತೈಪಿಂಗ್, ಮಲಯ
೧೪ ಡಿಸೆಂಬರ್ ೧೯೪೫

ಗಾಲೆಯಲ್ಲಿರುವ ಎಂಗಲ್ತಿನಾ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರ.

ಯುದ್ಧ ಮುಗಿದ ಮೇಲಿನ ನಿನ್ನ ಮೊದಲ ಕಾಗದ ತಲುಪಿತು. ಗಂಡ ಮಕ್ಕಳೊಂದಿಗೆ ಸಿಂಹಳಕ್ಕೇ ಬಂದುಬಿಡು ಎಂದಿದ್ದೀಯೆ. ಉತ್ತರ ಬರೆಯಲು ಕೂತರೆ ಕೂತಲ್ಲಿ ಕೂರಲಾಗದು. ಎದ್ದು ಬಾಗಿಲಿಗೆ ಹೋಗುತ್ತೇನೆ, ಮತ್ತೆ ಬರುತ್ತೇನೆ. ಜಪಾನಿಯರು ಸಿಯಾಮಿನ ರೈಲುದಾರಿ ಕೆಲಸಕ್ಕೆ ಹಿಡಿದೊಯ್ದವರು ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ಇವರೂ ಇಂದೋ ನಾಳೆಯೋ ಬಂದಾರು.

ಇಲ್ಲಿ ನಮ್ಮ ಸಿಂಹಳದವರೆಲ್ಲ ಊರಿಗೆ ಮರಳುವ ಹಡಗು ಕಾಯುತ್ತಿದ್ದಾರೆ. ಭಾನುವಾರ ವಿಹಾರದಲ್ಲಿ ಸಭೆ ಸೇರಿತ್ತು. ಅಪ್ಪನ ಜೊತೆ ರೈಲ್ವೆಯಲ್ಲಿದ್ದ ಸಾದಿರಿಸ್ ಮಾವ ಈಗ ವಿಹಾರ ನೋಡಿಕೊಳ್ಳುವ ಸಂಘದ ಹಿರಿಯರು. ವಿಹಾರ ಮುಚ್ಚಿ ಬುದ್ಧನ ಮೂರ್ತಿಯನ್ನು ಗಾಲೆಗೆ ಒಯ್ಯೋಣ ಎಂದರು. ಅಮ್ಮ ಇಲ್ಲಿ ತೀರಿಕೊಂಡಾಗ ನೀನು ಗಾಲೆಯಲ್ಲಿದ್ದೆ. ಮಣ್ಣು ಮಾಡುವಾಗ ಸೂತ್ರ ಹೇಳಲು ಒಬ್ಬ ಭಿಕ್ಷುವೂ ಸಿಗಲಿಲ್ಲ. ಆ ಸಂಕಟಕ್ಕೇ ಅಪ್ಪ, ಮಾವ, ಉಳಿದ ಸಿಂಹಳದವರು ಪಾಳಿ ಮುಗಿಸಿ ಬಂದು ಇಟ್ಟಿಗೆ ಹೊತ್ತು ಈ ವಿಹಾರ ಕಟ್ಟಿದ್ದು.

ಹೆಂಗಸರು ಬಾಯಿ ತೆರೆಯದ ಸಭೆ. ನಾನು ಎದ್ದು ನಿಂತು, “ಮಾವ, ನಮ್ಮಮ್ಮನ್ನೂ ಅಗೆದು ತಗೊಂಡ್ಹೋಗ್ತೀರಾ?” ಎಂದುಬಿಟ್ಟೆ.

“ಕೂತ್ಕೊಳೇ ಪೊಡಿ. ನಾವು ಹೋದ್ಮೇಲೆ ಇಲ್ಲಿ ದೀಪ ಹಚ್ಚೋರ್ಯಾರು?” ಎಂದು ಗದರಿದರು.

ಹಿಂದೆ ಕೂತಿದ್ದ ಗೇಕ್ ನಿಯೋ ಎದ್ದಳು. ಸಂತೆಯಲ್ಲಿ ಸೊಪ್ಪು ಮಾರುವ ಚೀನೀ ವಿಧವೆ. ಯುದ್ಧದಲ್ಲಿ ಈ ವಿಹಾರದ ಭಿಕ್ಷು, ನಮ್ಮ ಭಂತೆಯವರು, ಅವಳ ಗಂಡುಮಕ್ಕಳಿಬ್ಬರನ್ನು ಬುದ್ಧನ ಪೀಠದ ಹಿಂದೆ ಅಡಗಿಸಿ ಜಪಾನಿಯರಿಂದ ಉಳಿಸಿದ್ದರು.

“ಇಷ್ಟು ದಿನ ಹಚ್ಚಿದ್ಯಾರು? ನೀವೆಲ್ಲ ಹೆದರಿ ಮನೇಲಿದ್ರಿ. ನಾನೇನು ಈ ವಿಹಾರದ ಕಂಬಾನಾ, ಕಣ್ಣಿಗೇ ಬೀಳದೆ ಇರೋಕೆ?”

ಯಾರೋ ನಕ್ಕರು. ಮಾವ ನಗಲಿಲ್ಲ. ಸೊಂಟದಿಂದ ಬೀಗದಕೈ ಬಿಚ್ಚಿ ಅವಳ ಮುಂದಿಟ್ಟರು. “ಬಾಗಿಲ ಕೀಲು ಬಿಗಿ ಇದೆ ಕಣಮ್ಮ, ಎಣ್ಣೆ ಬಿಡ್ತಿರು” ಎಂದರು.

ಮೂರ್ತಿ ಉಳಿಯಿತು. ಮಾವ ಹಡಗಿಗೆ ಹೆಸರು ಕೊಟ್ಟರು, ನಾನು ಕೊಟ್ಟಿಲ್ಲ. ಇವರು ಬರದೆ ಹೇಗೆ ಹೊರಡಲಿ? ನೀನು ಬೇಸರಿಸಬೇಡ.

ನಿನ್ನ
ಪೊಡಿನೋನಾ

ಮರೆತಿದ್ದನ್ನು ಇಲ್ಲಿ ಸೇರಿಸುತ್ತಿಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ಇವರು ಬರುವುದಿಲ್ಲ. ಜೊತೆಗಿದ್ದವರೊಬ್ಬರು ನಿನ್ನೆ ಬಂದು ಹೇಳಿಹೋದರು. ಅಲ್ಲಿ ಕಾಲರಾ ಹಬ್ಬಿತ್ತಂತೆ. ಮಕ್ಕಳಿಗೆ ಇನ್ನೂ ಹೇಳಿಲ್ಲ. ಬೆಳಿಗ್ಗೆ ಇಬ್ಬರನ್ನೂ ಭಂತೆಯವರ ಮುಂದೆ ಕೂರಿಸಿಕೊಂಡು ಹೇಳುತ್ತೇನೆ. ಗೇಕ್ ನಿಯೋ ಅಂಗಡಿ ಹಾಕದೆ ನನ್ನ ಪಕ್ಕದಲ್ಲೇ ಇರುತ್ತಾಳಂತೆ.