ಅಕ್ಕನ ಸೈಕಲ್ ಬಿಚ್ಚಿದ್ದು

ಅಕ್ಕಾ,

ನೀನಿರುವ ಕಡೆ ನಡೆದು ಹೋಗುವ ದೂರಗಳು ಇಲ್ಲದಿದ್ದರೆ ಸಾಕು. ಸುತ್ತಿ ಬಳಸಿ ಹೇಳಿದರೆ ನಿನಗೆ ಸಿಟ್ಟು ಬರುತ್ತೆ, ಮೊದಲೇ ಹೇಳಿಬಿಡ್ತೀನಿ. ನಿನ್ನ ಸೈಕಲ್ ಹೋಯಿತು.

ತೇನಿ ಆಸ್ಪತ್ರೆಗೆ ಹೊರಟ ಬೆಳಗ್ಗೆ ನೀನು ಅದನ್ನು ಕೊಟ್ಟಿಗೆ ಗೋಡೆಗೆ ಒರಗಿಸಿ, ಸೀಟಿಗೆ ಗೋಣಿಚೀಲ ಹೊದಿಸಿ, 'ಬೇಗ ಬರ್ತೀನಿ ಕಣೆ' ಅಂದೆಯಲ್ಲ. ಅದು ಅಲ್ಲೇ ನಿಂತಿತ್ತು. ಐಪ್ಪಸಿ ತಿಂಗಳ ಮಳೆಯೆಲ್ಲ ಅದರ ಮೇಲೇ ಸುರಿಯಿತು. ಮುಟ್ಟೋಕೆ ನನಗೆ ಧೈರ್ಯ ಬರಲಿಲ್ಲ. ಹಿಂದಿನ ಕ್ಯಾರಿಯರ್ ಮೇಲೆ ಮೈಲುತುತ್ತದ ನೀಲಿ ಕಲೆ ಹಾಗೇ ಇತ್ತು. ದ್ರಾಕ್ಷಿ ಬಳ್ಳಿಗೆ ಹೊಡೆಯೋ ಆ ಔಷಧಿಯ ಡಬ್ಬ ಕಟ್ಟಿಕೊಂಡು ನೀನು ಎಷ್ಟು ವರ್ಷ ತುಳಿದೆ?

ಮುರುಗೇಶ ದಿಂಡಿಗಲ್ಲಿನಿಂದ ಬಂದವನು ಮನೆಯೊಳಗೂ ಹೋಗದೆ ಅದರ ಮುಂದೆ ನಿಂತುಬಿಟ್ಟ. ನಿನ್ನ ಮಗ ಈಗ ಬೀಗದ ಕಾರ್ಖಾನೆಯಲ್ಲೇ ಇದ್ದಾನೆ, ಕೈಯೆಲ್ಲ ಕಬ್ಬಿಣದ ವಾಸನೆ. 'ಪಾಕ್ಕ ಮುಡಿಯಲೆ ಚಿತ್ತಿ' ಅಂದ. ನೋಡೋಕಾಗಲ್ಲ ಚಿಕ್ಕವ್ವಾ ಅಂತ. ಹಳೇ ಕಬ್ಬಿಣದ ಗಾಡಿಗೆ ಹಾಕಿಬಿಡೋಣ ಅಂದ.

'ಓಡಿಸಿ ತೋರಿಸ್ತೀನಿ, ಆಮೇಲೆ ಮಾತಾಡು' ಅಂದೆ ನಾನು. ಹಟಕ್ಕಲ್ಲ. ಕಾಮಯಗೌಂಡನ್‌ಪಟ್ಟಿ ತೋಟದಲ್ಲಿ ದ್ರಾಕ್ಷಿ ಗೊನೆ ಕತ್ತರಿಸೋ ಕೆಲಸ ಶುರುವಾಗಿತ್ತು. ಹೊತ್ತು ಹುಟ್ಟೋ ಮುಂಚೆ ಅಲ್ಲಿರಬೇಕು, ಆ ಹೊತ್ತಿಗೆ ಬಸ್ಸೂ ಇಲ್ಲ, ಆಟೋನೂ ಇಲ್ಲ. ನಡೆಯೋಣ ಅಂದರೆ ಮೊಣಕಾಲು. ನೀನಿದ್ದಾಗ ನಿನ್ನ ಹಿಂದೆ ಕೂತು ಹೋಗ್ತಿದ್ದೆ. ಈಗ ನಾನೇ ತುಳಿಯಬೇಕಲ್ಲ.

ಭಾನುವಾರದ ದಿನ ನೀನು ಕೂರ್ತಿದ್ದ ಜಾಗದಲ್ಲೇ, ಅಂಗಳದಲ್ಲಿ, ಸೈಕಲ್ ತಲೆಕೆಳಗು ಮಾಡಿ ಕೂತೆ. ಚಕ್ರಗಳೆರಡೂ ಬಿಚ್ಚಿಕೊಂಡವು, ಗ್ರೀಸ್ ಹಚ್ಚಿ ಬಿಟ್ಟರೆ ಚೆನ್ನಾಗೇ ತಿರುಗಿದವು. ಪೆಡಲ್ ನಡುವಿನ ಅಚ್ಚು ಮಾತ್ರ ಅಲುಗಲಿಲ್ಲ. ಉಳಿ ಇಟ್ಟು ಹೊಡೆದು, ಅದನ್ನು ಮುಚ್ಚಿರೋ ಎಡಗಡೆ ಕಪ್ ತೆಗೆದೆ. ಒಳಗೆ ಬೇರಿಂಗ್ ಗುಂಡುಗಳೇ ಕಾಣಲಿಲ್ಲ ಅಕ್ಕಾ. ಬರೀ ತುಕ್ಕು, ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಎಲ್ಲವನ್ನೂ ಕಚ್ಚಿಕೊಂಡು ಕೂತಿತ್ತು.

'ಬಲಗಡೇದು ಉಲ್ಟಾ ತಿರುಗಬೇಕು, ಮರೀಬೇಡ' ಅಂತ ನೀನು ಪ್ರತಿ ಸಲ ಬೈದು ಹೇಳ್ತಿದ್ದೆ. ಮರೀಲಿಲ್ಲ. ಸೀಮೆಎಣ್ಣೆ ಬಿಟ್ಟು ಒಂದು ದಿನ ಕಾದೆ. ತೆಂಗಿನ ಚಿಪ್ಪಿನ ಕೆಂಡ ಹಿಡಿದು ಕಾಯಿಸಿದೆ. ಮುರುಗೇಶನೂ ಬಂದು ಗಟ್ಟಿಯಾಗಿ ಹಿಡಿದುಕೊಂಡ. ಉಲ್ಟಾ ಹೊಡೆದಾಗ ಕಿರ್ ಅಂತ ಕೂಗಿ ಒಂದು ಕೂದಲೆಳೆಯಷ್ಟು ತಿರುಗಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನೀನು ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಇನ್ನೊಂದು ಏಟು ಹಾಕಿದೆ. ಸದ್ದು ಬೇರೆ ಥರ ಬಂತು. ಪೈಪುಗಳೆಲ್ಲ ಬಂದು ಸೇರೋ ಆ ದುಂಡನೆ ಜಾಗ ಉದ್ದಕ್ಕೂ ಬಿರುಕು ಬಿಟ್ಟಿತ್ತು.

'ವೆಲ್ಡಿಂಗ್ ಮಾಡಿಸಿದರೆ?' ಅಂದೆ. ಅವನು ಬೆರಳಿಟ್ಟು ಒತ್ತಿದ. ತಗಡು ಕಾಗದದ ಹಾಗೆ ಒಳಗೆ ಹೋಯಿತು. ಒಳಗೆಲ್ಲ ತಿಂದು ಹಾಕಿದೆ, ಬೆಂಕಿ ತಾಗಿದರೆ ಉದುರುತ್ತೆ ಅಂದ. ಮಳೆ ತಿಂದಿತೋ, ಆ ನೀಲಿ ಔಷಧಿ ತಿಂದಿತೋ. ನಿನ್ನ ಎದೆಯೊಳಗೂ ಅದೇ... ಡಾಕ್ಟರಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿ ಏನಾಗಬೇಕಿತ್ತು?

ಮಾರನೇ ದಿನ ತೋಟಕ್ಕೆ ನಡೆದೇ ಹೋದೆ. ಅಲ್ಲಲ್ಲಿ ಕೂತು, ಎದ್ದು, ಹೋಗೋ ಹೊತ್ತಿಗೆ ಪೆಟ್ಟಿಗೆಗಳು ತುಂಬಿ ವ್ಯಾನಿಗೆ ಏರುತ್ತಿದ್ದವು. ಮೇಸ್ತ್ರಿ ಹೆಂಗಸು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಒಂದು ಚೊಂಬು ನೀರು ಕೊಟ್ಟು, 'ಇನ್ನು ಮನೇಲಿ ಇರಕ್ಕಾ' ಅಂದಳು. ಕತ್ತರಿ ಅವಳ ಕೈಗೆ ಕೊಟ್ಟು ಬಂದೆ. ಈಗ ಬೆಳಗಾದರೆ ಎದ್ದು ಜಗಲಿಯಲ್ಲಿ ಕೂರ್ತೀನಿ. ನಿನ್ನಂಥವಳು ಹೋಗಿ ನನ್ನಂಥವಳು ಯಾಕೆ ಉಳಿಯಬೇಕು ಹೇಳು? ಏನು ಮಾಡಲಿ ಅಂತ ಯಾರನ್ನ ಕೇಳಲಿ?

ಹಳೇ ಕಬ್ಬಿಣದ ಗಾಡಿ ಬಂದಿದ್ದು ಮೊನ್ನೆ. ಮುರುಗೇಶ ಸೈಕಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಬೀದಿಯವರೆಗೆ ಹೋದ. ಗಾಡಿಯವನು ಕೈ ಚಾಚಿದ. ಇವನು ಕೊಡಲಿಲ್ಲ. ಕೊಡಪ್ಪಾ ಅಂದರೂ ಕೊಡಲಿಲ್ಲ. ಅದನ್ನು ತಬ್ಬಿಕೊಂಡು ಮಣ್ಣಿನಲ್ಲೇ ಕುಸಿದು ಕೂತ.

ಪಳ್ಳಿಕೂಡದಲ್ಲಿ ಜೊತೆಗೆ ಓದೋ ಹುಡುಗರು ನಗ್ತಾರೆ ಅಂತ ಅವನು ನಮ್ಮ ಮನೆಮಾತು ಬಿಟ್ಟಿದ್ದು ನಿನಗೆ ಗೊತ್ತೇ ಇದೆ. ಅವತ್ತಿನಿಂದ ನೀನು ಕನ್ನಡದಲ್ಲಿ ಏನು ಕೇಳಿದರೂ ತಮಿಳಲ್ಲೇ ಉತ್ತರ, ನಿನ್ನ ಕರೆಯೋದೂ ಅವರ ಹಾಗೆ 'ಅಮ್ಮಾ' ಅಂತಲೇ. ಆಸ್ಪತ್ರೆ ಮಂಚದ ಮೇಲೆ ನೀನು ಅವನ ಕೈ ಹಿಡಿದು, 'ಒಂದು ಸಲ ಅವ್ವಾ ಅನ್ನೋ' ಅಂತ ಕೇಳಿದೆ. ಅವನಿಗೆ ನಾಚಿಕೆ. ತಲೆ ತಗ್ಗಿಸಿಕೊಂಡು ಕೂತಿದ್ದ. ನೀನು ಆ ಕಡೆ ತಿರುಗಿ ಮಲಗಿದೆ.

ಮೊನ್ನೆ ಅಂದ ಅಕ್ಕಾ. ಮಣ್ಣಿನಲ್ಲಿ ಕೂತು, ಚಿಕ್ಕ ಮಗುವಿನ ಹಾಗೆ, 'ಅವ್ವಾ, ಅವ್ವಾ' ಅಂದ. ಮೆಲ್ಲಗಲ್ಲ. ಬೀದಿಯವರೆಲ್ಲ ಹೊರಗೆ ಬಂದು ಕೇಳಿಸಿಕೊಂಡರು.