ಕೆಂದಿ ನಿಲ್ಲುವ ಜಾಗ

ಚಿನ್ನಾಳಪಟ್ಟಿಯಲ್ಲಿರುವ ಮಗಳು ಮುತ್ತುಸೆಲ್ವಿಗೆ,

ಫೋನು ಈಗ ನಿಮ್ಮಪ್ಪನ ಸೊಂಟ ಬಿಟ್ಟು ಇಳಿಯುವುದಿಲ್ಲ, ಅದಕ್ಕೇ ಈ ಪತ್ರ. ಸಕ್ಕರೆ ಕಾಯಿಲೆ ಬರುವ ಮೊದಲೇ ತಡೆಯಲೆಂದು ನೀನು ನಿನ್ನ ದನಿ ತುಂಬಿ ಕಳಿಸಿದ ಆ್ಯಪ್‌ನ ಮಾತು ಕೇಳಿ, ಸಂಜೆ ದೇವರ ದನಗಳ ಹಿಂದೆ ಬೆಟ್ಟದ ಕಡೆ ನಡೆಯುತ್ತಾರೆ. ದೂಳೆಲ್ಲ ಹೊನ್ನಾಗುವ ಹೊತ್ತಿಗೆ ಅವರ ಸೊಂಟದಿಂದ ನೀನು, "ಅಪ್ಪಾ, ಇನ್ನೂ ಕೊಂಚ ನಡಿಯಪ್ಪಾ" ಅನ್ನುತ್ತೀಯ. ನೀನು ಬಾಳೆಸಿಪ್ಪೆ ಕೊಟ್ಟು ಸಾಕಿ ದೇವರಿಗೆ ಬಿಟ್ಟ ಕೆಂದಿ ಹಸು ಆ ದನಿ ಕೇಳಿ ಅಲ್ಲೇ ನಿಂತು ತಿರುಗಿ ನೋಡುತ್ತದೆ. ಬೇರೆ ಜಾತಿಯವನನ್ನು ಮದುವೆಯಾದೆಯೆಂದು ನಿನ್ನ ಹೆಸರೇ ಎತ್ತದ ನಿಮ್ಮಪ್ಪನೂ ಅದರ ಪಕ್ಕ ನಿಂತುಬಿಡುತ್ತಾರೆ. "ಬತ್ತಾಳೆ, ಕೊಂಚ ಇರಮ್ಮಾ" ಎಂದು ಅದಕ್ಕೆ ಹೇಳುವುದನ್ನು ನಾನೇ ಕೇಳಿದೆ.

ಹೀಗಾದರೆ ನಡಿಗೆ ಎಲ್ಲಿ ಸಾಗುತ್ತದೆ? ಆ ದನಿ ತೆಗೆಸು. ಆಗದಿದ್ದರೆ ಅಳಿಯನನ್ನೂ ಕರೆದುಕೊಂಡು ಬಂದು, ನಿಮ್ಮಪ್ಪನನ್ನೂ ಕೆಂದಿಯನ್ನೂ ನೀನೇ ನಡೆಸು.

ನಿನ್ನ ಅವ್ವ,
ಮುನಿಯಮ್ಮಾಳ್
ಉತ್ತಮಪಾಳಯಂ