ಸಾಸರ್ ಮುಚ್ಚಿದ ಗ್ಲಾಸು

ಮಾರ್ಚ್ 2, ಶನಿವಾರ

ಎಂದಿನಂತೆ ಮಧ್ಯಾಹ್ನ ಹನ್ನೆರಡೂವರೆಗೆ. ಈ ಸಲ ಬಸ್ ಡಿಪೋ ಹಿಂದಿನ ಹೊಸ ಬ್ರೂಪಬ್. ಎಂದಿನ ನಾಲ್ವರೇ — ಹಂಡೆ, ಲಾಯರ್, ಹಲ್ಲು ಡಾಕ್ಟರ್, ನಾನು. ಅಲ್ಲೇ ತಯಾರಿಸಿದ ಆರು ಬಗೆಯ ಬಿಯರು, ಆರು ಪುಟ್ಟ ಗ್ಲಾಸುಗಳ ಟ್ರೇಯಲ್ಲಿ ಬಂತು. ನಾನು ಆರನ್ನೂ ಮೂಸಿ ಹೇಳುವವರೆಗೆ ಯಾರೂ ತುಟಿಗೆ ಮುಟ್ಟಿಸುವಂತಿಲ್ಲ. ಕಾಲೇಜು ದಿನಗಳಿಂದ ಬಂದ ಕಟ್ಟಳೆ. ಮೂಗಮ್ಮ ಅಂತ ಬಿರುದೂ ಕೊಟ್ಟಾಗಿದೆ.

ಮೂಸಿದೆ. ಏನೂ ಇಲ್ಲ. ಆರೂ ನೀರು.

ನೆಗಡಿ ಹೋಗಿ ಹನ್ನೆರಡು ದಿನವಾಯಿತು. ಮೂಗು ಕಟ್ಟಿಲ್ಲ, ಉಸಿರು ಸಲೀಸು. ವಾಸನೆ ಮಾತ್ರ ವಾಪಸು ಬಂದಿಲ್ಲ. ಬಣ್ಣ ನೋಡಿ, ನೊರೆ ನೋಡಿ, ಗೋಡೆಯ ಮೇಲಿನ ಪಟ್ಟಿಯನ್ನು ಓರೆಗಣ್ಣಿನಲ್ಲಿ ಓದಿ ಒಪ್ಪಿಸಿಬಿಟ್ಟೆ. ಇದು ಗೋಧಿಯದು. ಇದು ಹುರಿದ ಬಾರ್ಲಿಯದು. ನಾಲ್ಕನೆಯದಕ್ಕೆ ‘ಚೆನ್ನಾಗಿದೆ’ ಅಂದೆ. ಹಲ್ಲು ಡಾಕ್ಟರ್ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಹುಳಿ ಹೊಡೀತಿದೆಯಲ್ಲೇ. ಇದು ಚೆನ್ನಾಗಿದ್ಯಾ?"

"ಅದು ಇರೋದೇ ಹಾಗೆ. ನಿನ್ನ ನಾಲಿಗೆಗೆ ಪೇಸ್ಟ್ ಬಿಟ್ಟು ಇನ್ನೇನು ಗೊತ್ತು?"

ಲಾಯರ್ ಮೇಜು ತಟ್ಟಿ ನಕ್ಕಳು. ಹಂಡೆ ನಗದೆ ಆ ಗ್ಲಾಸನ್ನೇ ನೋಡುತ್ತಿದ್ದ. ಅಥವಾ ನನಗೆ ಹಾಗನ್ನಿಸಿತೋ... ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆಲೂಗಡ್ಡೆ ಫ್ರೈ ಬಂತು. ಬಿಸಿ ಇತ್ತು, ಉಪ್ಪಿತ್ತು. ಉಳಿದದ್ದೇನೂ ಗೊತ್ತಾಗಲಿಲ್ಲ.

ಮಾರ್ಚ್ 5, ಮಂಗಳವಾರ, ಸಂಜೆ

ನಾನು ಕೆಲಸ ಮಾಡುವ ಆಸ್ಪತ್ರೆಯ ಔಷಧಿ ಸ್ಟೋರಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನನ್ನ ಮೇಲೆ ನಾನೇ ಪರೀಕ್ಷೆ ಮಾಡಿಕೊಂಡೆ. ಲವಂಗದ ಎಣ್ಣೆ — ಇಲ್ಲ. ನೋವಿನ ಮುಲಾಮು — ತಣ್ಣಗಾಯಿತು, ವಾಸನೆ ಇಲ್ಲ. ಸ್ಪಿರಿಟ್ — ಕಣ್ಣಲ್ಲಿ ನೀರು, ಅಷ್ಟೇ. ಮೂರನೇ ಮಹಡಿಯ ಕಿವಿ-ಮೂಗಿನ ಡಾಕ್ಟರರಿಗೆ ತೋರಿಸಿದೆ. "ಮೂರು ತಿಂಗಳಲ್ಲಿ ಬರಬಹುದು. ವರ್ಷಾನೂ ಆಗಬಹುದು. ಬರದೇನೂ ಇರಬಹುದು," ಅಂದರು. ಚೀಟಿ ಬರೆದುಕೊಟ್ಟರು, ನನ್ನ ಸ್ಟೋರಿಗೇ.

ಮನೆಗೆ ಬಂದು ಹಾಲಿಟ್ಟು ಪಕ್ಕದಲ್ಲೇ ಪೇಪರು ಹಿಡಿದು ಕೂತೆ. ಅಕ್ಕ ಹೊಲಿಗೆ ಮಷೀನು ಬಿಟ್ಟು ಮುಂದಿನ ಕೋಣೆಯಿಂದ ಓಡಿ ಬಂದಳು.

"ಮೂಗಿನ ಕೆಳಗೇ ಸೀದು ಹೋಗ್ತಿದೆ, ಕೂತಿದ್ದೀಯಲ್ಲೇ?"

"ಏನೋ ಯೋಚನೇಲಿದ್ದೆ."

ನನ್ನನ್ನೇ ನೋಡಿದಳು. ಮತ್ತೇನೂ ಕೇಳಲಿಲ್ಲ. ಪಾತ್ರೆ ಉಜ್ಜಲು ನನ್ನ ಕೈಗೇ ಕೊಟ್ಟು ಹೋದಳು.

ಮಾರ್ಚ್ 9, ಶನಿವಾರ

ಊಟ ಮುಗಿದ ಮೇಲೆ ಹಂಡೆ ನನ್ನೊಬ್ಬಳನ್ನೇ ಅವನ ಜಾಗಕ್ಕೆ ಕರೆದೊಯ್ದ. ಹಳೆಯ ಪ್ರೆಸ್ಸಿನ ಕಟ್ಟಡ. ಗೋಡೆಯ ಮೇಲೆ ಇನ್ನೂ ಶಾಯಿಯ ಕಲೆ. ಒಳಗೆ ಮೂರು ಸ್ಟೀಲ್ ಟ್ಯಾಂಕು, ಬಿಯರ್ ಬೇಯಿಸುವ ದೊಡ್ಡ ಹಂಡೆ. ಅರ್ಧ ಆಯುಷ್ಯ ಬೇರೆಯವರ ಹಂಡೆ ಮುಂದೆ ನಿಂತವನು, ಅದಕ್ಕೇ ಆ ಹೆಸರು. ಈಗ ಅವನದೇ ಬ್ರೂಪಬ್. ಇಪ್ಪತ್ತಮೂರಕ್ಕೆ ಬಾಗಿಲು ತೆರೆಯುತ್ತಾನೆ. ಹೊರಗಿನ ಬೋರ್ಡಿನಲ್ಲಿ ತಾರೀಖು ಬರೆದಿದ್ದಾನೆ.

"ಹತ್ತೊಂಬತ್ತಕ್ಕೆ ಬಾ. ನೀನು ಸರಿ ಅಂದ್ಮೇಲೇ ಟ್ಯಾಂಕು ತಣ್ಣಗೆ ಮಾಡೋದು."

ಹಂಡೆಗೆ ಬೆಣ್ಣೆಯ ವಾಸನೆ ಗೊತ್ತಾಗುವುದಿಲ್ಲ. ಹುಟ್ಟಿನಿಂದ. ಬೇರೆಲ್ಲ ವಾಸನೆ ಹಿಡಿಯುತ್ತಾನೆ, ಅದೊಂದು ಇಲ್ಲ. ಬೆಚ್ಚಗಿರುವವರೆಗೆ ಯೀಸ್ಟು ಆ ವಾಸನೆಯನ್ನು ತಿಂದು ಮುಗಿಸುತ್ತದೆ; ಬಿಯರನ್ನು ಅವಸರಪಟ್ಟು ತಣ್ಣಗೆ ಮಾಡಿದರೆ ಉಳಿದುಬಿಡುವುದೂ ಅದೇ. ಆರು ವರ್ಷದ ಹಿಂದೆ, ಕೆಲಸಕ್ಕಿದ್ದ ಕಡೆ, ಒಂದು ಟ್ಯಾಂಕು ಪೂರ್ತಿ ಹಾಗೇ ಹೊರಗೆ ಹೋಯಿತು. ಗಿರಾಕಿಗಳು ಗ್ಲಾಸು ವಾಪಸು ಕಳಿಸಿದರು. ಮಾರನೆಯ ದಿನ ಇವನನ್ನೂ ಮನೆಗೆ ಕಳಿಸಿದರು. ಅಂದಿನಿಂದ ಎಲ್ಲೇ ಕೆಲಸ ಮಾಡಲಿ, ಟ್ಯಾಂಕು ತಣ್ಣಗೆ ಮಾಡುವ ಮುಂಚೆ ನನ್ನ ಬಾಗಿಲಿಗೆ ಬರುತ್ತಾನೆ. ಇದು ನಮ್ಮಿಬ್ಬರನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲ.

ಹೇಳಬೇಕಿತ್ತು. ಬಾಯಿಯವರೆಗೂ ಬಂದಿತ್ತು. ಹೇಳಿದರೆ ಆ ಮೇಜಿನಲ್ಲಿ ನಾನು ಯಾರು? ಲಾಯರಿಗೆ ಮಾತಿದೆ, ಡಾಕ್ಟರಿಗೆ ಕೀಟಲೆ ಇದೆ. ನನಗಿದ್ದದ್ದು ಇದೊಂದೇ. ಭಯವಾಯಿತು, ನಾಚಿಕೆಯೂ ಆಯಿತು. ಇನ್ನೂ ಹತ್ತು ದಿನವಿದೆ, ಅಷ್ಟರಲ್ಲಿ ಬಂದರೂ ಬರಬಹುದು.

ಮಾರ್ಚ್ 18, ಸೋಮವಾರ

ಬಂದಿಲ್ಲ.

ಮಾರ್ಚ್ 19, ಮಂಗಳವಾರ, ಸಂಜೆ 6

ನಾಲ್ಕು ಗಂಟೆಗೆ ಹೋದೆ. ಎರಡು ಗ್ಲಾಸು ಸಿದ್ಧ ಮಾಡಿಟ್ಟಿದ್ದ, ಎರಡಕ್ಕೂ ಸಾಸರ್ ಮುಚ್ಚಿ. ಒಂದು ಟ್ಯಾಂಕಿನಿಂದ ನೇರ ಹಿಡಿದದ್ದು. ಇನ್ನೊಂದು ಅರ್ಧ ಗಂಟೆ ಬಿಸಿನೀರಿನಲ್ಲಿಟ್ಟು ಆರಿಸಿದ್ದು. ಬಿಸಿ ಮಾಡಿದರೆ ಅಡಗಿದ ವಾಸನೆ ಮೇಲೆ ಬರುತ್ತದೆ; ಅದರಲ್ಲಿ ಬೆಣ್ಣೆ ಬಂದರೆ ಟ್ಯಾಂಕು ಇನ್ನೂ ಕಾಯಬೇಕು. ಯಾವತ್ತೂ ಹೀಗೇ.

ಸಾಸರ್ ಎತ್ತಿದೆ. ಬಗ್ಗಿದೆ. ನೊರೆ ಮೂಗಿನ ತುದಿಗೆ ತಗುಲಿತು.

"ಬೆಣ್ಣೆ ಇದ್ಯಾ?"

ಅವನ ಕೈ ಆಗಲೇ ಕೂಲಿಂಗ್ ಸ್ವಿಚ್ಚಿನ ಮೇಲಿತ್ತು.

"ಇಲ್ಲ," ಅಂದೆ.

ಸುಳ್ಳಲ್ಲ, ನನಗೇನೂ ಬರಲಿಲ್ಲವಲ್ಲ... ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಸ್ವಿಚ್ಚು ಒತ್ತಿದ. "ನಾಳೆ ಸಂಜೆಗೆ ಯೀಸ್ಟೆಲ್ಲ ತಳ ಸೇರುತ್ತೆ. ಆಮೇಲೆ ಬ್ರಹ್ಮ ಬಂದ್ರೂ ಏನೂ ಮಾಡಕ್ಕಾಗಲ್ಲ," ಅಂತ ನಕ್ಕ. ಮನೆಗೆ ಒಂದು ಬಾಟಲಿ ತುಂಬಿಸಿ ಕೊಟ್ಟ. ಫ್ರಿಜ್ಜಿನಲ್ಲಿಟ್ಟಿದ್ದೇನೆ.

ಮಾರ್ಚ್ 20, ಬುಧವಾರ, ಬೆಳಿಗ್ಗೆ

ಮೆಸೇಜು ಬರೆದೆ. ಅಳಿಸಿದೆ. ಮತ್ತೆ ಬರೆದೆ. ಡ್ಯೂಟಿಗೆ ಹೊತ್ತಾಯಿತು.

ಮಧ್ಯಾಹ್ನ 3:20

ಅರ್ಧ ದಿನ ರಜ ಹಾಕಿ ಬಂದೆ. ಬಾಟಲಿಯದನ್ನು ಅವನು ಮಾಡುವ ಹಾಗೇ ಬಿಸಿನೀರಿನಲ್ಲಿಟ್ಟು ಆರಿಸಿ, ಸಾಸರ್ ಮುಚ್ಚಿ, ಅಕ್ಕನ ಮಷೀನಿನ ಪಕ್ಕ ಇಟ್ಟೆ. ಅಕ್ಕ ಯಾರದೋ ಕಿಟಕಿ ಪರದೆ ಹೊಲಿಯುತ್ತಿದ್ದಳು.

"ಆ ಹಾಳು ಪದಾರ್ಥದ ಹತ್ತಿರ ನಾನು ಬರಲ್ಲ, ಗೊತ್ತಲ್ಲ."

"ಕುಡೀಬೇಡ. ಮೂಸಿ ಹೇಳು, ಸಾಕು."

"ನೀನೇ ಮೂಸು. ಮೂಗಮ್ಮ ನೀನು ತಾನೆ."

"ನನಗೆ ವಾಸನೆ ಬರಲ್ಲ ಅಕ್ಕ. ತಿಂಗಳಾಯ್ತು."

ಅಕ್ಕ ಮಷೀನು ನಿಲ್ಲಿಸಿದಳು. "ಹಾಲು ಸೀದಾಗಲೇ ಗೊತ್ತಾಯ್ತು. ನೀನಾಗೇ ಹೇಳ್ತೀಯೇನೋ ಅಂತ ಕಾದೆ."

ಸಾಸರ್ ಎತ್ತಿ ಬಗ್ಗಿದಳು, ತಟ್ಟನೆ ಹಿಂದೆ ಸರಿದಳು. "ಇದೇನೇ, ಬೆಣ್ಣೆ ಕರಗಿಸಿ ಸುರಿದಿದಾರಾ?"

ಬೆಣ್ಣೆಯ ಮಾತು ನಾನು ಎತ್ತಿರಲೇ ಇಲ್ಲ.

ಫೋನು ಮಾಡಿದೆ. ಎತ್ತುತ್ತಿಲ್ಲ. ಮೂರು ಸಲ. ಹೊರಟೆ —

ಸಂಜೆ 7

ಹೇಳಿದೆ. ಟ್ಯಾಂಕುಗಳ ನಡುವೆ ನಿಂತು, ಒಂದೇ ಉಸಿರಿನಲ್ಲಿ, ಅಕ್ಕ ಮೂಸಿದ್ದನ್ನೂ ಸೇರಿಸಿ. ಹಂಡೆ ಮೊದಲು ಕೂಲಿಂಗ್ ಆಫ್ ಮಾಡಿದ. ಮೀಟರು ಒಂಬತ್ತು ಡಿಗ್ರಿ ತೋರಿಸುತ್ತಿತ್ತು, ಪೂರ್ತಿ ತಣ್ಣಗಾಗಲು ಇನ್ನೂ ಬಾಕಿ. ಆಮೇಲೆ ನನ್ನ ಕಡೆ ತಿರುಗಿದ.

"ಯಾವತ್ತಿಂದ?"

"ಆ ನೆಗಡಿ ಆದಾಗಿಂದ."

"ಅಂದ್ರೆ ಬಸ್ ಡಿಪೋ ಹಿಂದೆ ಕೂತಾಗ..."

"ಹೂಂ. ಪಟ್ಟಿ ನೋಡಿ ಹೇಳಿದ್ದು."

ಬಕೆಟ್ಟಿನಿಂದ ಬಟ್ಟೆ ಎತ್ತಿ ಹಿಂಡಿದ. "ನನ್ನ ಕೊರತೇನ ನಾನು ನಿನ್ನ ಹತ್ತಿರ ಹೇಳ್ಕೊಂಡೆ. ಯಾರಿಗೂ ಹೇಳದೇ ಇರೋದನ್ನ. ನಿನ್ನದನ್ನ ನೀನು ನನಗೆ ಹೇಳಲಿಲ್ಲ."

ಬೈದಿದ್ದರೆ ವಾಸಿಯಿತ್ತು. ಟ್ಯಾಂಕು ಉಳಿಯುತ್ತದಾ ಅಂತ ಕೇಳಿದೆ. "ಯೀಸ್ಟು ಮತ್ತೆ ಎದ್ದರೆ ಉಂಟು," ಅಂದ. ನನ್ನನ್ನು ದಾಟಿ ಹೊರಗೆ ಹೋಗಿ, ಒದ್ದೆ ಬಟ್ಟೆಯಲ್ಲಿ ಬೋರ್ಡಿನ ತಾರೀಖು ಒರೆಸಿದ. ನಾನು ಮನೆಗೆ ನಡೆದೇ ಬಂದೆ.

ಮಾರ್ಚ್ 23, ಶನಿವಾರ

ಹನ್ನೆರಡೂವರೆ ಆಯಿತು. ಯಾರ ಫೋನೂ ಇಲ್ಲ. ಒಂದು ಗಂಟೆಗೆ ಲಾಯರಿನ ಮೆಸೇಜು: ‘ಹಂಡೆ ಓಪನಿಂಗು ಒಂದು ವಾರ ಮುಂದೆ ಹಾಕಿದಾನೆ. ಟ್ಯಾಂಕು ಏನೋ ಕೈ ಕೊಟ್ಟಿತಂತೆ. ನೀನ್ಯಾಕೆ ಬಂದಿಲ್ಲ?’

ಟ್ಯಾಂಕು ಅಂದಿದ್ದಾನೆ, ನನ್ನ ಹೆಸರು ಹೇಳಿಲ್ಲ. ಅಳು ಬಂತು. ಅಕ್ಕನ ಜೊತೆ ಕೂತು ಊಟ ಮಾಡಿದೆ.

ಮಾರ್ಚ್ 26, ಮಂಗಳವಾರ

ಹಂಡೆ ಬಂದಿದ್ದ. ನನ್ನ ಹತ್ತಿರ ಅಲ್ಲ. ಎರಡು ಗ್ಲಾಸು ಅಕ್ಕನ ಮುಂದಿಟ್ಟ. ಅಕ್ಕ ಸೆರಗು ಸಿಕ್ಕಿಸಿ, ಜಡ್ಜಿನ ಗತ್ತಿನಲ್ಲಿ ಬಗ್ಗಿದಳು.

"ಕಮ್ಮಿಯಾಗಿದೆ ಕಣಪ್ಪ. ಆದ್ರೆ ಇದೆ."

"ಶುಕ್ರವಾರ ಬರ್ತೀನಿ ಅಕ್ಕ. ನಿಮಗೆ ತೊಂದರೆ."

ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ನನಗೆ ತಲೆಯಾಡಿಸಲೂ ಇಲ್ಲ. ಗ್ಲಾಸುಗಳನ್ನು ನಾನೇ ತೊಳೆದು, ಒರೆಸಿ, ಅವನ ಚೀಲಕ್ಕೆ ಹಾಕಿದೆ.

ಮಾರ್ಚ್ 29, ಶುಕ್ರವಾರ, ಬೆಳಿಗ್ಗೆ 10:40

ಬಂದ. ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಬರೆಯುತ್ತಲೇ ಕಿವಿ ಕೊಟ್ಟು ಕೇಳುತ್ತಿದ್ದೇನೆ. ಸಾಸರ್ ಎತ್ತಿದ ಸದ್ದು. ಮಷೀನು ನಿಂತಿದೆ. ಅಕ್ಕ ಯಾಕಿಷ್ಟು ಹೊತ್ತು ಮಾಡುತ್ತಿದ್ದಾಳೆ... ಇನ್ನೊಂದು ಸಾಸರ್.

"ಇಲ್ಲಪ್ಪ. ಬೆಣ್ಣೆ ಪೂರ್ತಿ ಹೋಗಿದೆ. ಬ್ರೆಡ್ಡಿನ ಹಾಗಿದೆ, ಅಷ್ಟೇ."

ಹಂಡೆ ಕುರ್ಚಿಯಲ್ಲಿ ಕುಸಿದು ಕೂತ ಸದ್ದು. ಹಾಗಾದರೆ ನಾಳೆ ಬಾಗಿಲು ತೆರೆಯುತ್ತಾನೆ. ತೆರೆಯಲಿ. ನನ್ನನ್ನು ಕರೆಯದಿದ್ದರೂ ಸರಿ.

ಅಕ್ಕ ಏನೋ ಕೇಳುತ್ತಿದ್ದಾಳೆ. "ಯಾವಾಗಲೂ ಎರಡೇ ಅಲ್ವಾ ತರೋದು? ಈ ಮೂರನೇ ಗ್ಲಾಸು ಯಾಕೆ?"

ಹಂಡೆ ಏನೋ ಅಂದ. ಸಣ್ಣ ದನಿ, ಕೇಳಿಸಲಿಲ್ಲ. ಕುರ್ಚಿ ಸರಿಯಿತು. ಹೆಜ್ಜೆ ಈ ಕಡೆಗೇ... ಬಾಗಿಲ ಮೇಲೆ ಎರಡು ಸಲ ತಟ್ಟಿದ. ಪೆನ್ನು ಕೆಳಗಿಡುತ್ತೇನೆ —